‘ಪೆಟ್ಟಾ’ ಎಂಬ ಪದದ ಚರಿತ್ರೆ

ಮೈಸೂರು ಯುದ್ಧಗಳನ್ನು ಕುರಿತು ಆಂಗ್ಲೇಯರು ಬರೆದಿಟ್ಟ ಗ್ರಂಥಗಳನ್ನು ಓದುವವರಿಗೆ ‘ಪೆಟ್ಟಾ’ ಎಂಬ ಒಂದು ಇಂಗ್ಲಿಷ್ ಪದವು ಮತ್ತೆ ಮತ್ತೆ ಎದುರಾಗುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರಲ್ಲಿಯೂ ಇಂದು ಇದನ್ನು ಬಲ್ಲವರು ವಿರಳ. ಕನ್ನಡಿಗರಿಗಾದರೋ ಅದರ ದನಿ ಕಿವಿಗೆ ಬಿದ್ದೊಡನೆಯೇ ಗುರುತು ಹತ್ತುತ್ತದೆ. ಪರದೇಶದ ಉಡುಪನ್ನು ತೊಟ್ಟು ನಿಂತಿರುವ ನಮ್ಮ ‘ಪೇಟೆ’ಯೇ ಅದು. ಕನ್ನಡದ ಪೇಟೆ, ತಮಿಳಿನ ಪೇಟ್ಟೈ, ತೆಲುಗಿನ ಪೇಟ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟಿನಲ್ಲಿ, ತಮಿಳಿನ ರೂಪವನ್ನೇ ಮೂಲವೆಂದು ಹೇಳಿ, ಈ ಪದಕ್ಕೆ ಸ್ಥಾನವನ್ನು ಕೊಟ್ಟಿದ್ದಾರೆ.

ಆದರೆ ಒಂದು ಪದವು ಭಾಷೆಯಿಂದ ಭಾಷೆಗೆ ಹೋಗುವಾಗ ತನ್ನ ಅರ್ಥವನ್ನೆಲ್ಲ ಹೊತ್ತುಕೊಂಡು ಹೋಗುವುದಿಲ್ಲ. ನಮಗೆ ಪೇಟೆಯೆಂದರೆ ಕೊಳ್ಳುವವರೂ ಮಾರುವವರೂ ಕೂಡುವ ಸ್ಥಳ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಬೆಂಗಳೂರಿನ ಪೇಟೆಯಲ್ಲಿ ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಅಲ್ಲಿ ಯಾರು ಇದ್ದರು, ಏನು ಮಾರಿದರು ಎಂಬುದನ್ನು ಸಾರುತ್ತವೆ. ಇಂಗ್ಲಿಷಿನ ‘ಪೆಟ್ಟಾ’ಕ್ಕಾದರೋ ಇವು ಯಾವುವೂ ಬೇಡ. ಕೋಟೆಯ ಹೊರಗೆ ಅದಕ್ಕೆ ಹೊಂದಿಕೊಂಡಿರುವ ಊರು, ಇಷ್ಟೇ ಅದರ ಅರ್ಥ. ಅಕ್ಕಿಯೂ ಅರಳೆಯೂ ಉದುರಿಹೋಗಿ ಕೋಟೆಯೊಂದೇ ಉಳಿಯಿತು.

ಹೀಗೇಕಾಯಿತು? ಆ ಪದವನ್ನು ಬರೆದವರು ನಿಂತಿದ್ದ ಸ್ಥಳವನ್ನು ನೋಡಿದರೆ ಉತ್ತರ ದೊರೆಯುತ್ತದೆ. 1791ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನ ಮುಂದೆ ಬೀಡುಬಿಟ್ಟಿತು. 7ನೆಯ ತಾರೀಖು ಅದು ಪೇಟೆಯನ್ನು ಹಿಡಿಯಿತು. ಕರ್ನಲ್ ಮೂರ್‌ಹೌಸ್ ಎಂಬ ಅಧಿಕಾರಿ ಅಂದಿನ ಕಾಳಗದಲ್ಲಿಯೇ ಮಡಿದನು. 21ನೆಯ ತಾರೀಖು ರಾತ್ರಿ ಕೋಟೆಯೂ ಬಿದ್ದಿತು. ಕಿಲ್ಲೇದಾರ ಬಹಾದೂರ್ ಖಾನನು ಅದನ್ನು ಕಾಯುತ್ತ ಪ್ರಾಣವನ್ನು ಕೊಟ್ಟನು. ಮುತ್ತಿಗೆ ಹಾಕಿದವನ ಕಣ್ಣಿಗೆ ಕೋಟೆಯೇ ಗುರಿ. ನಡುವೆ ಅಡ್ಡವಾಗಿರುವ ಊರು ಒಂದು ಮೆಟ್ಟಿಲು ಮಾತ್ರ. ಆ ಮೆಟ್ಟಿಲಿಗೆ ಅವನು ಇಟ್ಟ ಹೆಸರೇ ‘ಪೆಟ್ಟಾ’.

ಈ ಅರ್ಥದಲ್ಲಿಯೇ ಅದು ಇಂಗ್ಲಿಷ್ ಬರವಣಿಗೆಯಲ್ಲಿ ಬೇರೂರಿತು. ಸೈನ್ಯದ ಜೊತೆಯಲ್ಲಿ ಬಂದ ಚಿತ್ರಕಾರ ರಾಬರ್ಟ್ ಹೋಮನು ಮೂರ್‌ಹೌಸನ ಮರಣವನ್ನು ಚಿತ್ರಿಸಿದನು. ಮುಂದೆ ಮಾರ್ಕ್ ವಿಲ್ಕ್ಸನು 1810ರಿಂದ 1817ರವರೆಗೆ ಮೂರು ಸಂಪುಟಗಳಲ್ಲಿ ಹೊರತಂದ ಮೈಸೂರಿನ ಚರಿತ್ರೆಯಲ್ಲಿ ಆ ಪದವು ಪರಿಭಾಷೆಯೇ ಆಯಿತು. 1803ರ ಆಗಸ್ಟಿನಲ್ಲಿ ಆರ್ಥರ್ ವೆಲ್ಲೆಸ್ಲಿಯು ಅಹಮದ್‌ನಗರದ ಮೇಲೆ ನಡೆದಾಗಲೂ ಇದೇ ಕ್ರಮ: 8ನೆಯ ತಾರೀಖು ಪೆಟ್ಟಾ, 12ನೆಯ ತಾರೀಖು ಕೋಟೆ. ಸಿಂಹಳದ ಕೊಲಂಬೊ ನಗರದಲ್ಲಿ ಕೋಟೆಯ ಮಗ್ಗುಲಿನ ವ್ಯಾಪಾರಸ್ಥಳಕ್ಕೆ ಇಂದಿಗೂ ‘ಪೆಟ್ಟಾ’ ಎಂದೇ ಹೆಸರು.

ಇನ್ನು ನಮ್ಮ ಜನರು ಆಂಗ್ಲೇಯರ ನೆಲೆಯನ್ನು ಏನೆಂದು ಕರೆದರು? 1809ರಲ್ಲಿ ಶ್ರೀರಂಗಪಟ್ಟಣದ ಹವೆ ಒಗ್ಗದೆ ಅಲ್ಲಿಯ ಪಡೆಯು ಬೆಂಗಳೂರಿಗೆ ಬಂದು, ಹಲಸೂರಿನ ಸುತ್ತಣ ನೆಲದಲ್ಲಿ ಠಾಣ್ಯ ಹೂಡಿತು. ಆಂಗ್ಲೇಯರು ಅದನ್ನು ‘ಕಂಟೋನ್ಮೆಂಟ್’ ಎಂದರು. ಫ್ರೆಂಚ್ ಮೂಲದ ಆ ಪದಕ್ಕೆ ಮೊದಲಲ್ಲಿ ಸೈನ್ಯದ ತಾತ್ಕಾಲಿಕ ವಸತಿಯೆಂದು ಅರ್ಥ. ಪೇಟೆಯವರು ಆ ಉದ್ದನೆಯ ಮಾತಿಗೆ ಕಾಯದೆ ‘ದಂಡು’ ಎಂದುಬಿಟ್ಟರು. ದಂಡೆಂದರೆ ಸೈನ್ಯ, ಹೊಯ್ಸಳರ ಶಾಸನಗಳಲ್ಲಿ ಬರುವ ದಂಡನಾಯಕ, ದಣ್ಣಾಯಕ ಎಂಬ ಬಿರುದುಗಳ ಕುಲಕ್ಕೆ ಸೇರಿದ ಮಾತು. ವಾದ್ಯದವರು, ದರ್ಜಿಗಳು, ವರ್ತಕರು, ಪಾದ್ರಿಗಳು ಯಾರೇ ಅಲ್ಲಿ ನೆಲಸಲಿ, ಪೇಟೆಯ ಕಣ್ಣಿಗೆ ಅದು ಬಂದಿಳಿದ ಸೈನ್ಯವೇ. ಹೀಗೆ ದಂಡಿನವರು ಪೇಟೆಯನ್ನು ಕೋಟೆಯ ಅಂಗವಾಗಿ ಕಂಡರು. ಪೇಟೆಯವರು ಆ ಊರನ್ನೆಲ್ಲ ದಂಡಾಗಿ ಕಂಡರು. ಒಬ್ಬರನ್ನೊಬ್ಬರು ಯುದ್ಧದ ಮಾತಿನಿಂದಲೇ ಹೆಸರಿಸಿದರು.

ಬದುಕು ಮಾತ್ರ ಈ ಗೆರೆಯನ್ನು ಮನ್ನಿಸಲಿಲ್ಲ. ಹಲಸೂರಿನ ಬಳಿಯ ಈಗಿನ ಮರ್ಫಿ ಟೌನಿಗೆ ಹಿಂದೆ ‘ನಾಕ್ಸ್‌ಪೇಟೆ’ ಎಂದು ಹೆಸರಿತ್ತು. ಅತ್ತ ಹಳೆಯ ಊರಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನನ ಹೆಸರನ್ನು ಹೊತ್ತ ಕಬ್ಬನ್‌ಪೇಟೆ ಎದ್ದಿತು. 1864ರಲ್ಲಿ ಬೆಂಗಳೂರಿಗೆ ಮೊದಲು ಬಂದ ರೈಲು ದಂಡಿಗೆ ಬಂದು ನಿಂತಿತು. ಅದು ಹೊರಟು ಬಂದದ್ದು ಜೋಲಾರಪೇಟೆಯಿಂದ! ಇಂಗ್ಲಿಷ್ ಹೆಸರುಗಳು ಪೇಟೆಯನ್ನು ಬಾಲವಾಗಿ ಕಟ್ಟಿಕೊಂಡಾಗ ಅದು ‘ಪೆಟ್ಟಾ’ ಆಗಿರದೆ ನಮ್ಮ ಪೇಟೆಯೇ ಆಗಿದ್ದಿತೆಂಬುದನ್ನು ಗಮನಿಸಬೇಕು.

ಕೋಟೆಗಳ ಕಾಲ ಕಳೆಯಿತು. ಆಂಗ್ಲೇಯರೂ ಹಳೆಯ ಊರನ್ನು ‘ಸಿಟಿ’ ಎನ್ನತೊಡಗಿದರು. 1881ರಲ್ಲಿ ಮೈಸೂರು ಅರಸರಿಗೆ ರಾಜ್ಯವು ಮರಳಿ ಬಂದಾಗಲೂ ದಂಡು ಬ್ರಿಟಿಷರ ವಶದಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಎರಡೂ ಊರುಗಳು ಒಂದೇ ನಗರಸಭೆಯ ಕೆಳಗೆ ಬಂದವು. ದಂಡು ಹೋದರೂ ಹೆಸರು ಹೋಗಲಿಲ್ಲ. ರೈಲು ನಿಲ್ದಾಣದ ಹಲಗೆಯ ಮೇಲೆ ‘ಬೆಂಗಳೂರು ದಂಡು’ ಎಂಬ ಕನ್ನಡದ ಅಕ್ಷರಗಳಿವೆ. ಅರಳೇಪೇಟೆ, ಬಳೇಪೇಟೆಗಳೂ ಇವೆ. ‘ಪೆಟ್ಟಾ’ ಮಾತ್ರ ನಮ್ಮ ಊರನ್ನು ಬಿಟ್ಟು ಪುಸ್ತಕದೊಳಕ್ಕೆ ಸರಿಯಿತು.

ಆದುದರಿಂದ ಹಳೆಯ ಚರಿತ್ರೆಗಳಲ್ಲಿ ‘ಪೆಟ್ಟಾ ವಶವಾಯಿತು’ ಎಂಬರ್ಥದ ವಾಕ್ಯವನ್ನು ಕಂಡಾಗ ನಾವು ಒಂದು ಕ್ಷಣ ನಿಲ್ಲಬೇಕು. ಬರೆದವನಿಗೆ ಅದು ಕೋಟೆಯ ದಾರಿ. ಒಳಗಿದ್ದವರಿಗೆ ಅಂಗಡಿ, ಮಗ್ಗ, ಮನೆ. ಆ ಪದವನ್ನು ಮತ್ತೆ ‘ಪೇಟೆ’ಯೆಂದು ಓದಿಕೊಂಡರೆ ಸಾಕು, ಚರಿತ್ರೆಯಲ್ಲಿ ಬಿಟ್ಟುಹೋದ ಜನರು ಕಾಣಿಸಿಕೊಳ್ಳತೊಡಗುತ್ತಾರೆ.