ಮಾನಧನೆ ಹೇಜೆಲ್ ಸ್ಕಾಟ್

ಕಲಾವಿದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರ ಕೌಶಲವನ್ನೂ ಅವರಿಗೆ ದೊರೆತ ಸನ್ಮಾನಗಳನ್ನೂ ವರ್ಣಿಸಿ ತೃಪ್ತರಾಗುವರು. ಅವರು ಯಾವುದನ್ನು ಬೇಡವೆಂದು ತಿರಸ್ಕರಿಸಿದರೆಂಬುದನ್ನು ವಿಚಾರಿಸುವವರು ವಿರಳ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಪ್ರಖ್ಯಾತಳಾದ ಜಾಝ್ ಪಿಯಾನೋವಾದಕಿ ಹೇಜೆಲ್ ಸ್ಕಾಟಳ ಚರಿತ್ರೆಯಲ್ಲಾದರೋ ಈ ತಿರಸ್ಕಾರವೇ ಮುಖ್ಯವಾದ ಅಂಶವಾಗಿದೆ.

ಈಕೆಯು 1920ನೆಯ ಇಸವಿ ಜೂನ್ 11ರಂದು ಟ್ರಿನಿಡಾಡ್ ದ್ವೀಪದ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಜನಿಸಿದಳು. ಸ್ವತಃ ಸಂಗೀತಜ್ಞೆಯಾಗಿದ್ದ ತಾಯಿ ಆಲ್ಮಾ 1924ರಲ್ಲಿ ಮಗಳೊಡನೆ ನ್ಯೂಯಾರ್ಕಿಗೆ ಬಂದು ನೆಲಸಿದಳು. ಅಲ್ಲಿಯ ಜೂಲಿಯಾರ್ಡ್ ಸಂಗೀತ ವಿದ್ಯಾಲಯದಲ್ಲಿ ಹದಿನಾರು ವರ್ಷ ತುಂಬದವರಿಗೆ ಪ್ರವೇಶವಿರಲಿಲ್ಲ. ಆದರೂ ಎಂಟು ವರ್ಷದ ಈ ಬಾಲೆಯು ಅಲ್ಲಿಯ ಪರೀಕ್ಷಕರ ಮುಂದೆ ರಾಖ್ಮಾನಿನಾಫನ ಕೃತಿಯೊಂದನ್ನು ನುಡಿಸಿದಳು. ದೂರದ ಸ್ವರಗಳು ಅವಳ ಪುಟ್ಟ ಕೈಗೆ ಎಟುಕದಿದ್ದ ಕಡೆಗಳಲ್ಲಿ ಹತ್ತಿರದ ಸ್ವರಗಳನ್ನು ಸೇರಿಸಿ, ರಸಭಂಗವಾಗದಂತೆ ನಿರ್ವಹಿಸಿದಳು. ಅಧ್ಯಾಪಕನೊಬ್ಬನು ಅವಳನ್ನು ಶಿಷ್ಯಳನ್ನಾಗಿ ಅಂಗೀಕರಿಸಿದನು.

ಆ ಕಾಲದ ಅಮೆರಿಕಾದಲ್ಲಿ ಅನೇಕ ಕಡೆ ಬಿಳಿಯರಿಗೂ ಕಪ್ಪುಜನರಿಗೂ ಆಸನಗಳು ಬೇರೆ ಬೇರೆಯಾಗಿದ್ದುವು. ಈ ಭೇದವನ್ನು ಎಣಿಸದ ನ್ಯೂಯಾರ್ಕಿನ ಕೆಫೆ ಸೊಸೈಟಿ ಎಂಬ ಸಂಗೀತಗೃಹದಲ್ಲಿ 1939ರಿಂದ ಆಕೆಯ ಕೀರ್ತಿ ಬೆಳೆಯಿತು. ಬಾಕ್, ಶೋಪ್ಯಾನ್ ಮೊದಲಾದ ಪೂರ್ವಾಚಾರ್ಯರ ಕೃತಿಯನ್ನು ಮೊದಲು ಯಥಾವತ್ತಾಗಿ ನುಡಿಸಿ, ಬಳಿಕ ಅದನ್ನೇ ಜಾಝಿನ ಲಯಕ್ಕೆ ತಿರುಗಿಸಿ ಮನೋಧರ್ಮದಿಂದ ವಿಸ್ತರಿಸುವುದು ಆಕೆಯ ವಿಶೇಷ.

ಚಲನಚಿತ್ರದವರು ಕರೆದಾಗ, ಮನೆಗೆಲಸದವಳ ವೇಷವನ್ನು ಆಕೆ ಒಪ್ಪಲಿಲ್ಲ. 1943ರ ಒಂದು ಚಿತ್ರದಲ್ಲಿ, ಯುದ್ಧಕ್ಕೆ ಹೊರಟ ಪತಿಯರನ್ನು ಬೀಳ್ಕೊಡುವ ಕಪ್ಪುಜನಾಂಗದ ಸ್ತ್ರೀಯರಿಗೆ ಕೊಳಕು ಉಡುಪನ್ನು ತೊಡಿಸಲು, ಆಕೆ ಮೂರು ದಿನ ಕೆಲಸಕ್ಕೆ ನಿಲ್ಲಲಿಲ್ಲ. ಉಡುಪು ಬದಲಾಯಿತು, ಆದರೆ ಚಿತ್ರರಂಗದ ಬಾಗಿಲು ಆಕೆಗೆ ಬಹುಮಟ್ಟಿಗೆ ಮುಚ್ಚಿತು. ಶ್ರೋತೃಗಳನ್ನು ವರ್ಣಭೇದದಿಂದ ಬೇರ್ಪಡಿಸಿದಲ್ಲಿ ನುಡಿಸುವುದಿಲ್ಲವೆಂಬುದು ಆಕೆಯ ಕರಾರು. 1948ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಸಭೆಯು ಹಾಗೆ ವಿಭಕ್ತವಾಗಿದ್ದುದನ್ನು ಕಂಡು, ನುಡಿಸದೆಯೇ ಹಿಂದಿರುಗಿದಳು.

1950ರಲ್ಲಿ ಆಕೆಯ ಹೆಸರಿನಲ್ಲೇ ಟೆಲಿವಿಷನ್ ಕಾರ್ಯಕ್ರಮವೊಂದು ಆರಂಭವಾಯಿತು. ಕಪ್ಪುಜನಾಂಗದ ಸ್ತ್ರೀಗೆ ಅಂತಹ ಗೌರವವು ಅಪೂರ್ವವಾದುದು. ಆ ವರ್ಷವೇ ಕಮ್ಯೂನಿಸ್ಟರ ಪಕ್ಷಪಾತಿಗಳೆಂದು ಶಂಕಿತರಾದವರ ಪಟ್ಟಿಯೊಂದರಲ್ಲಿ ಆಕೆಯ ಹೆಸರು ಪ್ರಕಟವಾಯಿತು. ಮೌನವಾಗಿರೆಂದು ಹಿತೈಷಿಗಳು ಬೋಧಿಸಿದರೂ, ಸೆಪ್ಟೆಂಬರ್ 22ರಂದು ತಾನಾಗಿಯೇ ಪ್ರತಿನಿಧಿಸಭೆಯ ವಿಚಾರಣಾ ಸಮಿತಿಯ ಮುಂದೆ ನಿಂತು ಆರೋಪವನ್ನು ನಿರಾಕರಿಸಿದಳು. ಅಂತಹ ಪಟ್ಟಿಗಳ ಅನ್ಯಾಯವನ್ನೂ ಖಂಡಿಸಿದಳು. ಒಂದು ವಾರದಲ್ಲಿ ಕಾರ್ಯಕ್ರಮವು ನಿಂತುಹೋಯಿತು.

1955ರಲ್ಲಿ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಎಂಬ ಘನ ವಾದಕರೊಡನೆ ನುಡಿಸಿದ ಧ್ವನಿಮುದ್ರಿಕೆಯು ಆಕೆಯ ಪ್ರೌಢಿಮೆಗೆ ಸಾಕ್ಷಿಯಾಗಿದೆ. 1957ರಲ್ಲಿ ಪ್ಯಾರಿಸ್ ನಗರವನ್ನು ಸೇರಿ, ಹತ್ತು ವರ್ಷಗಳ ಬಳಿಕ ಹಿಂದಿರುಗಿದಾಗ ಜನರ ಅಭಿರುಚಿಯೇ ಬದಲಾಗಿತ್ತು. 1981ರ ಅಕ್ಟೋಬರ್ 2ರಂದು ನ್ಯೂಯಾರ್ಕಿನಲ್ಲಿ ಕಾಲವಾದಳು.

ಒಂದೆರಡು ಸಂದರ್ಭಗಳಲ್ಲಿ ಕಣ್ಣುಮುಚ್ಚಿಕೊಂಡಿದ್ದರೆ ಈಕೆಗೆ ಐಶ್ವರ್ಯವೂ ಪ್ರಸಿದ್ಧಿಯೂ ಇನ್ನಷ್ಟು ಕಾಲ ಉಳಿಯುತ್ತಿದ್ದುವೇನೋ. ಆದರೆ ಆಗ ಆಕೆಯ ಸಂಗೀತವನ್ನು ಕೇಳಲು ಆಕೆಯ ಜನರೇ ಬೇರೆಯಾಗಿ ಕುಳಿತುಕೊಳ್ಳಬೇಕಾಗುತ್ತಿತ್ತು.