ಕಾಫಿ ತೋಟದ ಮೊದಲ ಸಂಬಳ

ಹೊರನಾಡುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆತನಗಳಲ್ಲಿ, ಹದಿನಾರನ್ನು ಮುಟ್ಟಿದ ಮಕ್ಕಳು ರಜೆಯ ದಿನಗಳಲ್ಲಿ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಒಂದು ಸಣ್ಣ ಉದ್ಯೋಗವನ್ನು ಹಿಡಿದು, ಮೊದಲ ಸಂಬಳದಲ್ಲಿ ತಾಯಿಗೊಂದು ಉಡುಗೊರೆಯನ್ನು ತಂದು, ಆ ದಿನವನ್ನು ಮುಂದೆ ಎಷ್ಟೋ ಕಾಲ ನೆನೆಯುವುದು ವಾಡಿಕೆಯಾಗಿದೆ. ಅಂತಹ ಮಕ್ಕಳು, “ಅಜ್ಜ, ನಿಮ್ಮೂರಲ್ಲಿ ನನ್ನ ವಯಸ್ಸಿನ ಹುಡುಗರು ಏನು ಕೆಲಸ ಮಾಡ್ತಿದ್ದರು?” ಎಂದು ಕೇಳಿದರೆ, ದಕ್ಷಿಣ ಕೊಡಗಿನಿಂದ ಬಂದ ಹಿರಿಯರು, “ಯಾರ ಮನೆಯ ಹುಡುಗರು ಮಗಾ?” ಎಂಬ ಮರುಪ್ರಶ್ನೆಯನ್ನು ಹಾಕದೆ ಉತ್ತರಿಸಲಾರರು. ಒಂದೇ ಊರಿನ ಒಂದೇ ತೋಟದಲ್ಲಿ ಮೊದಲ ಕೆಲಸವು ಒಬ್ಬೊಬ್ಬರಿಗೆ ಒಂದೊಂದು ಬಗೆಯದಾಗಿತ್ತು.

ವಿರಾಜಪೇಟೆಯಿಂದ ಗೋಣಿಕೊಪ್ಪಲಿಗೆ ಹೋಗುವ ಮಾರ್ಗದಲ್ಲಿರುವ ಬಿಟ್ಟಂಗಾಲವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ‘ಎಡಕಲ್ಲು ಗುಡ್ಡದ ಮೇಲೆ’, ‘ಹುಲಿಯ ಹಾಲಿನ ಮೇವು’ ಮೊದಲಾದ ಕಾದಂಬರಿಗಳ ಕರ್ತೃಗಳಾದ ಭಾರತೀಸುತರು, ಎಂದರೆ ಎಸ್. ಆರ್. ನಾರಾಯಣರಾಯರು, 1915ರಲ್ಲಿ ಜನಿಸಿದ್ದು ಇಲ್ಲಿಯೇ. ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಗದ್ದೆಗೆ ಸೇರಿದ ಮರಗಾಡಾದ ಬಾಣೆ, ಬಾಣೆಯ ಮರಗಳ ನೆರಳಿನಲ್ಲಿ ಕಾಫಿ, ಆ ಮರಗಳನ್ನೇ ಆಶ್ರಯಿಸಿ ಹಬ್ಬಿದ ಮೆಣಸಿನ ಬಳ್ಳಿ, ಇದು ಈ ಸೀಮೆಯ ಭೂಸ್ವರೂಪ. ಇಲ್ಲಿನ ಬಾಳುವೆಯ ಸ್ವರೂಪವೂ ಬಹುಮಟ್ಟಿಗೆ ಇದರಿಂದಲೇ ನಿರ್ಣಯವಾದುದು.

ಕೊಡಗು 1834ರಲ್ಲಿ ಇಂಗ್ಲಿಷರ ವಶವಾಗಿ, 1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದ ಮೇಲೆ, ಕಾಡಿದ್ದಲ್ಲಿ ತೋಟಗಳು ಒಂದರ ಹಿಂದೊಂದು ಎದ್ದುವು. ಅಷ್ಟು ಕೆಲಸಕ್ಕೆ ನಾಡಿನ ಜನ ಸಾಲದೆ ಹೋದುದರಿಂದ, ಮೇಸ್ತ್ರಿಗಳು ಮೈಸೂರು ಸೀಮೆ, ದಕ್ಷಿಣ ಕನ್ನಡ ಮತ್ತು ಮಲಬಾರುಗಳಿಗೆ ಹೋಗಿ, ಮುಂಗಡ ಹಣವನ್ನು ಕೊಟ್ಟು ಆಳುಗಳನ್ನು ಕರೆತರತೊಡಗಿದರು. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಅಪರಾಧಿಯೆಂದೆಣಿಸಿ ಶಿಕ್ಷಿಸಲು 1859ರ ಕಾಯಿದೆಯೊಂದು ಆಸ್ಪದವನ್ನೂ ಕಲ್ಪಿಸಿತ್ತು. ಬಂದವರಲ್ಲಿ ಅನೇಕರು ಹೆಂಡತಿ ಮಕ್ಕಳೊಡನೆ ಬಂದು ತೋಟದ ಆಳುಗಳಿಗಾಗಿ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಉಳಿದರು. ತಲೆಮಾರುಗಳಿಂದ ಇಲ್ಲಿನ ಒಡೆಯರ ಗದ್ದೆಗಳಲ್ಲಿ ದುಡಿದ ಯರವ ಬುಡಕಟ್ಟಿನವರ ಮಕ್ಕಳೂ, ಹೀಗೆ ಹೊರಗಿನಿಂದ ಬಂದವರ ಮಕ್ಕಳೂ, ನಡೆಯಲು ಕಲಿತ ದಿನದಿಂದ ತಾಯಂದಿರ ಹಿಂದೆ ಕಾಫಿ ಗಿಡದ ಸಾಲಿನಲ್ಲೇ ಬೆಳೆದರು.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ದಕ್ಷಿಣ ಕೊಡಗಿನ ತೋಟಗಳಲ್ಲಿ ಪ್ರಧಾನವಾದುದು ರೊಬಸ್ಟಾ ಎಂಬ ಜಾತಿಯ ಕಾಫಿ. ಅದು ಹಣ್ಣಾಗುವುದು ಜನವರಿಯಿಂದ ಮಾರ್ಚಿಯವರೆಗೆ. ಶಾಲೆಯ ವಾರ್ಷಿಕ ಪರೀಕ್ಷೆಗಳು ಬರುವುದೂ ಅದೇ ಕಾಲಕ್ಕೆ. ಏಪ್ರಿಲಿನಲ್ಲಿ ಶಾಲೆಗೆ ರಜೆ ಬರುವಾಗ ತೋಟದಲ್ಲಿ ಕೊಯ್ಲು ಮುಗಿದು, ಉದುರಿದ ಕಾಯಿಯನ್ನು ಹೆಕ್ಕುವುದು, ಕಣದ ಕೊನೆಯ ರಾಶಿಯನ್ನು ನೋಡಿಕೊಳ್ಳುವುದು ಮುಂತಾದ ಹಗುರವಾದ ಕೆಲಸಗಳು ಮಾತ್ರ ಉಳಿದಿರುತ್ತಿದ್ದುವು. ಆದುದರಿಂದ, ರಜೆಯಲ್ಲಿ ಕೆಲಸ ಮಾಡಿದ ಹುಡುಗನಿಗೆ ತೋಟವು ಬೇಸಿಗೆಯ ವಿನೋದವಾಗಿ ನೆನಪಿನಲ್ಲಿ ಉಳಿಯಿತು. ಕೊಯ್ಲಿನಲ್ಲಿ ದುಡಿದ ಹುಡುಗನು ಆ ತಿಂಗಳುಗಳಲ್ಲಿ ಶಾಲೆಯನ್ನೇ ಬಿಡಬೇಕಾಯಿತು.

ತೋಟದ ಮನೆಯ ಹುಡುಗನನ್ನು ಹಿರಿಯರು ಮೊದಲು ಕಳುಹಿಸುತ್ತಿದ್ದುದು ಕಣಕ್ಕೆ. ಹಣ್ಣನ್ನು ತೆಳುವಾಗಿ ಹರಡಿ, ಬಿಸಿಲೇರಿದಂತೆಲ್ಲ ಬರಿಗಾಲಿನಿಂದ ಸಾಲು ಸಾಲಾಗಿ ಎಳೆದು ಮಗುಚಿ, ಸಂಜೆ ಇಬ್ಬನಿ ಬೀಳುವ ಮೊದಲು ರಾಶಿ ಹಾಕಿ ಟಾರ್ಪಾಲನ್ನು ಹೊದಿಸಬೇಕು. ಹಲವು ದಿನಗಳ ಬಿಸಿಲು ಕಂಡ ಮೇಲೆ, ಒಂದು ಹಿಡಿ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲುಗಿಸಿದಾಗ ಒಳಗಿನ ಬೀಜ ಗಲಗಲನೆ ಸದ್ದು ಮಾಡಿದರೆ ಒಣಗಿತೆಂದು ಅರ್ಥ; ಸದ್ದಿಲ್ಲದಿದ್ದರೆ ಇನ್ನೊಂದು ಬಿಸಿಲು ಬೇಕು. ಈ ವಿದ್ಯೆಯನ್ನು ಹದಿನಾಲ್ಕರಲ್ಲಿ ಕಲಿತವನು ಎಪ್ಪತ್ತರಲ್ಲೂ ಮರೆಯನು. ನಾಲ್ಕಕ್ಷರ ಬಲ್ಲ ಬಡ ಹುಡುಗನಿಗಾದರೋ ಮೆಟ್ರಿಕ್ಯುಲೇಷನ್ ಮುಗಿಯುತ್ತಲೇ ತೋಟದ ಗುಮಾಸ್ತನಾದ ರೈಟರನ ಕೈಕೆಳಗೆ ಹಾಜರಿ ಪುಸ್ತಕವನ್ನು ಬರೆಯುವ ಕೆಲಸ ಸಿಕ್ಕುತ್ತಿತ್ತು. ತಂದೆಯ ವಯಸ್ಸಿನವರ ಹೆಸರನ್ನು ಕೂಗಿ ಕರೆಯುವ ಸಂಕೋಚವು ಅವನ ಮೊದಲ ಪಾಠವಾಗಿತ್ತು.

ಲೈನ್ ಮನೆಯ ಹುಡುಗಿಯ ಕೆಲಸವೇ ಬೇರೆ. ಗಿಡದ ಬುಡಕ್ಕೆ ಪಡಂಗು ಎಂಬ ಹಾಸನ್ನು ಹರಡಿ, ರೆಂಬೆಯನ್ನು ಬಗ್ಗಿಸಿ ಗೊಂಚಲನ್ನು ಉದುರಿಸುವಾಗ ಚಗಳಿ ಇರುವೆಗಳು ಕತ್ತಿನೊಳಕ್ಕೆ ಇಳಿಯುವುವು. ಹಣ್ಣಿನ ಅಂಟಿಗೆ ಬೆರಳುಗಳು ಕಪ್ಪಾಗುವುವು. ಸಂಜೆ ಚೀಲವನ್ನು ಹೊತ್ತು ತೂಕದ ಜಾಗಕ್ಕೆ ಬಂದಾಗ, ಎಲೆಯನ್ನೂ ಹಸಿಗಾಯಿಯನ್ನೂ ಆರಿಸಿ ತೆಗೆದು, ಉಳಿದುದನ್ನು ತಕ್ಕಡಿಗೆ ಏರಿಸುತ್ತಿದ್ದರು. ಅವಳು ಕೊಯ್ದ ಕಾಯಿ ಬಹುಸಲ ತಾಯಿಯ ಚೀಲಕ್ಕೇ ಸೇರುತ್ತಿದ್ದುದರಿಂದ, ಪುಸ್ತಕದಲ್ಲಿ ಏರುತ್ತಿದ್ದುದು ತಾಯಿಯ ಹೆಸರು. ದಿನಗೂಲಿಯಾದರೆ ಅರ್ಧ ಆಳಿನ ಕೂಲಿ. 1948ರ ಕನಿಷ್ಠ ವೇತನ ಕಾಯಿದೆಯು ಸಹ ವಯಸ್ಕರಿಗೊಂದು, ಹದಿಹರೆಯದವರಿಗೊಂದು, ಮಕ್ಕಳಿಗೊಂದು ದರವನ್ನು ಗೊತ್ತುಪಡಿಸಲು ಎಡೆಗೊಟ್ಟಿತ್ತು.

ಕಾನೂನು ಈ ಮಕ್ಕಳ ಕಡೆಗೆ ಕಣ್ಣೆತ್ತಿದುದು ನಿಧಾನವಾಗಿ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆಯು 12 ವರ್ಷ ತುಂಬದವರನ್ನು ತೋಟದ ಕೆಲಸಕ್ಕೆ ಸೇರಿಸಿಕೊಳ್ಳಕೂಡದೆಂದೂ, ಅದಕ್ಕೆ ಮೇಲ್ಪಟ್ಟು 18 ತುಂಬದವರಿಗೆ ವಾರಕ್ಕೆ 40 ಗಂಟೆಗಳನ್ನು ಮೀರಿ ಕೆಲಸ ಕೊಡಬಾರದೆಂದೂ ವಿಧಿಸಿತು. 1981ರ ತಿದ್ದುಪಡಿಯಿಂದ ಆ 40 ಗಂಟೆ 27ಕ್ಕೆ ಇಳಿಯಿತು. 14 ತುಂಬದ ಮಕ್ಕಳನ್ನು ಯಾವ ಉದ್ಯೋಗಕ್ಕೂ ನೇಮಿಸಕೂಡದೆಂಬ ನಿಯಮ, ಮನೆಯವರ ಕಸುಬಿಗೆ ಶಾಲೆಯ ಬಿಡುವಿನಲ್ಲಿ ನೆರವಾಗುವುದೇ ಮೊದಲಾದ ಕೆಲವು ವಿನಾಯಿತಿಗಳನ್ನು ಬಿಟ್ಟು, ಬಂದುದು 2016ರಷ್ಟು ಈಚೆಗೆ.

ಈ ಚರಿತ್ರೆಯನ್ನು ನೋಡಿದಾಗ ನನಗೆ ಸ್ಪಷ್ಟವಾಗಿ ತೋರುವುದು ಇಷ್ಟು: ಮೊದಲ ಕೆಲಸದ ನೆನಪನ್ನು ಹೇಳಿಕೊಳ್ಳಬೇಕಾದರೆ, ಅದಕ್ಕೆ ಹಿಂದೆ ಕೆಲಸವಿಲ್ಲದ ಒಂದು ಬಾಲ್ಯ ಇದ್ದಿರಬೇಕು. ತೋಟದ ಮನೆಯವನಿಗೂ ರೈಟರನ ಶಿಷ್ಯನಿಗೂ ಮೊದಲ ದಿನ ಯಾವುದೆಂದು ಗೊತ್ತು. ಲೈನ್ ಮನೆಯ ಮುದುಕಿಯನ್ನು ಕೇಳಿದರೆ, “ಯಾವಾಗಿಂದ ಅಂತ ಹೇಳಲಿ ಸ್ವಾಮಿ, ಕಣ್ಣು ಬಿಟ್ಟಾಗಿಂದ ಇದೇ” ಎಂಬ ಉತ್ತರ ಬರುತ್ತದೆ. ಅವಳ ದುಡಿಮೆಗೆ ಪ್ರಾರಂಭದ ತಿಥಿಯಿಲ್ಲ. ಮಕ್ಕಳಿಗೆ ಸಂಬಂಧಿಸಿದ ಕಾನೂನುಗಳು ಮಾಡಿದ ದೊಡ್ಡ ಉಪಕಾರವೆಂದರೆ, ಅಂತಹವರ ಮೊಮ್ಮಕ್ಕಳ ದುಡಿಮೆಗೆ ಒಂದು ಪ್ರಾರಂಭವನ್ನು ಒದಗಿಸಿದ್ದು.

ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಇಂದಿಗೂ ಬೆಳೆಯುತ್ತಿರುವ ಕೊಡಗಿನ ತೋಟಗಳಿಗೆ ಈಗ ಅಸ್ಸಾಮಿನಂತಹ ದೂರದ ನಾಡುಗಳಿಂದ ಸಂಸಾರಗಳು ಬರುತ್ತಿವೆ. ಭಾಷೆ ಬದಲಾಯಿತು, ಕಾನೂನು ಬದಲಾಯಿತು. ಆದರೆ ರೊಬಸ್ಟಾ ಹಣ್ಣಾಗುವ ಕಾಲವೂ ಪರೀಕ್ಷೆಯ ಕಾಲವೂ ಬದಲಾಗಿಲ್ಲ. ಹೊರನಾಡಿನಿಂದ ಊರಿಗೆ ಹೋಗಿ ಮಕ್ಕಳಿಗೆ ತೋಟವನ್ನು ತೋರಿಸುವವರು, ಕಣದಲ್ಲಿ ಒಂದು ಹಿಡಿ ಕಾಯಿಯನ್ನು ಅಲುಗಿಸಿ ಕೇಳುವ ಸಂತೋಷವನ್ನು ಅವರಿಗೆ ಧಾರಾಳವಾಗಿ ಕೊಡಲಿ. ಜೊತೆಯಲ್ಲಿಯೇ, ಲೈನ್ ಮನೆಯ ಮಕ್ಕಳು ಮಾರ್ಚಿ ತಿಂಗಳಲ್ಲಿ ಯಾವ ಶಾಲೆಗೆ ಹೋಗುತ್ತಾರೆಂದು ತೋಟದವರನ್ನು ಒಂದು ಮಾತು ವಿಚಾರಿಸಲಿ.