ಪದ್ಮನಾಭಪುರಂ: ತಮಿಳುನಾಡಿನಲ್ಲಿದೆ ಕೇರಳದ ಮರದ ಅರಮನೆ!

ಕನ್ಯಾಕುಮಾರಿಗೆ ಹೋದವರಲ್ಲಿ ಹೆಚ್ಚಿನವರು ಸೂರ್ಯೋದಯ, ವಿವೇಕಾನಂದ ಸ್ಮಾರಕ ನೋಡಿ ವಾಪಸಾಗುತ್ತಾರೆ. ಅದೇ ಜಿಲ್ಲೆಯ ತಕ್ಕಲೆ ಬಳಿ ಇರುವ ಪದ್ಮನಾಭಪುರಂ ಅರಮನೆಗೆ ಅರ್ಧ ದಿನವಾದರೂ ಮೀಸಲಿಡಿ. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಸ್ಥಳಾಂತರವಾಗುವವರೆಗೂ ತಿರುವಾಂಕೂರು ಅರಸರು ಆಳಿದ್ದು ಇಲ್ಲಿಂದಲೇ. 1956ರ ರಾಜ್ಯ ಮರುವಿಂಗಡಣೆಯಲ್ಲಿ ಊರು ಈಗಿನ ತಮಿಳುನಾಡಿಗೆ ಸೇರಿತು. ಅರಮನೆಯ ಉಸ್ತುವಾರಿ ಮಾತ್ರ ಇಂದಿಗೂ ಕೇರಳ ಪುರಾತತ್ವ ಇಲಾಖೆಯದ್ದು.

ಮೈಸೂರು ಅರಮನೆಯಂಥ ವೈಭವ ನಿರೀಕ್ಷಿಸಿದರೆ ನಿರಾಸೆಯಾದೀತು. ಇಲ್ಲಿ ಗುಮ್ಮಟಗಳಿಲ್ಲ, ಚಿನ್ನದ ಥಳುಕಿಲ್ಲ. ಇಳಿಜಾರು ಹೆಂಚಿನ ಮಾಡು, ಒಳ ಅಂಗಳ, ಮರದ ಕಂಬ ನೋಡಿದರೆ ಮಲೆನಾಡಿನ ತೊಟ್ಟಿಮನೆಯೇ ನೆನಪಾಗುತ್ತದೆ. ಪ್ರವೇಶದ್ವಾರದ ಪೂಮುಖಂನಲ್ಲಿ ತಲೆಯೆತ್ತಿ ನೋಡಿ; ಚಾವಣಿಯಲ್ಲಿ 90 ಬಗೆಯ ಹೂಗಳ ಕೆತ್ತನೆಯಿದೆ.

ನಿಜವಾದ ಜಾಣ್ಮೆ ಇರುವುದು ಮೇಲಿನ ಮಂತ್ರಶಾಲೆಯಲ್ಲಿ. ಮರದ ಜಾಲಂದ್ರಗಳಿಂದ ಗಾಳಿ ಒಳಬರುತ್ತದೆ, ಬಿಸಿಲು ಹೊರಗೇ ಉಳಿಯುತ್ತದೆ. ಕಿಟಕಿಗಳ ಬಣ್ಣದ ಅಭ್ರಕದ ಹಾಳೆಗಳು ಬೆಳಕನ್ನು ಮೆದುವಾಗಿಸುತ್ತವೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು, ಫ್ಯಾನ್ ಬೇಕೆನಿಸದು. ಕನ್ನಡಿಯಂತೆ ಹೊಳೆಯುವ ಕಪ್ಪು ನೆಲಕ್ಕೆ ಸುಟ್ಟ ತೆಂಗಿನ ಚಿಪ್ಪು, ಸುಣ್ಣ, ಮೊಟ್ಟೆಯ ಬಿಳಿ ಬಳಸಲಾಗಿದೆ ಎನ್ನಲಾಗುತ್ತದೆ.

1750ರಲ್ಲಿ ರಾಜ್ಯವನ್ನೇ ಪದ್ಮನಾಭಸ್ವಾಮಿಗೆ ಅರ್ಪಿಸಿ 'ಪದ್ಮನಾಭ ದಾಸ'ನಾಗಿ ಆಳಿದವನು ಮಾರ್ತಾಂಡ ವರ್ಮ. ಉಪ್ಪಿರಿಕ ಮಾಳಿಗೆಯ ಮೇಲಂತಸ್ತು ದೇವರಿಗೇ ಮೀಸಲು. ಅಲ್ಲಿನ ಗೋಡೆಗಳ ತುಂಬಾ ಭಿತ್ತಿಚಿತ್ರಗಳಿವೆ.

ಸೋಮವಾರ ಅರಮನೆಗೆ ರಜೆ, ಮಧ್ಯಾಹ್ನ ವಿರಾಮವೂ ಇದೆ. ಚಪ್ಪಲಿ ಹೊರಗೇ ಬಿಡಬೇಕು.